ಪೂಜೆಗಿಟ್ಟ ಲಂಗರು

ಹೊನ್ನೆಗದ್ದೆ ಎಸ್ಟೇಟ್
ಸಂಸೆ ಅಂಚೆ, ಕಳಸ
12-1-2003

ಶ್ರೀ ಜಯಕರ ಕುಂದರ್ ಅವರಿಗೆ
ಜಲದುರ್ಗಾ ಬೋಟ್ ಸಾಮಗ್ರಿ ಅಂಗಡಿ, ಮಲ್ಪೆ

ಮಾನ್ಯರೇ,

ನಾನು ಯಾರೆಂದು ನಿಮಗೆ ಗೊತ್ತು. ನೀವು ಯಾರೆಂದು ನನಗೂ ಗೊತ್ತು. ಉಡುಪಿಯಲ್ಲಿ ಓದುತ್ತಿದ್ದ ನನ್ನ ಮಗಳು ನಾಲ್ಕು ವರ್ಷದ ಹಿಂದೆ ನನ್ನನ್ನು ಒಂದು ಮಾತೂ ಕೇಳದೆ ನಿಮ್ಮನ್ನು ಮದುವೆಯಾದಳು. ಆ ವಿಷಯ ಇಲ್ಲಿಗೆ ಸಾಕು. ಇದು ವ್ಯಾಪಾರದ ಪತ್ರ, ಉತ್ತರವೂ ವ್ಯಾಪಾರದ್ದೇ ಆಗಿರಲಿ. ಅವಳ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಿಮ್ಮ ಪತ್ರದಲ್ಲೂ ಅದು ಬರುವುದು ಬೇಡ.

ನಾನೊಂದು ಜೆಟ್ ಬೋಟ್ ತರಿಸಿದ್ದೇನೆ. ಹೊಸದು. ಗೋವಾದಿಂದ ಅದನ್ನು ಹೊತ್ತು ತಂದ ಲಾರಿ ಕಳಸದ ಪೇಟೆಯಲ್ಲಿ ತಿರುಗಲಾರದೆ ನಿಂತಾಗ ಊರಿಗೆ ಊರೇ ನೋಡಲು ಬಂದಿತ್ತು. ಕಾಫಿ ಬೆಲೆ ಬಿದ್ದಾಗಿನಿಂದ ಇಲ್ಲಿ ಎಲ್ಲರಿಗೂ ಹೋಮ್‌ಸ್ಟೇ ಹುಚ್ಚು. ಕೊಟ್ಟಿಗೆಗೆ ಸುಣ್ಣ ಬಳಿದು ಎರಡು ಮಂಚ ಹಾಕಿದರೆ ಹೋಮ್‌ಸ್ಟೇ ಆಯಿತು. ನನಗೆ ಅಷ್ಟು ಸಾಲದು. ನಮ್ಮ ತೋಟದ ಬುಡದಲ್ಲಿ ಭದ್ರೆ ಅರ್ಧ ಮೈಲಿ ಉದ್ದಕ್ಕೆ ಅಗಲವಾಗಿ ಹರಿಯುತ್ತಾಳೆ. ಹೊನ್ನೆಮಡು ಎನ್ನುತ್ತೇವೆ. ಪ್ರೊಪೆಲರ್ ಇರುವ ದೋಣಿಯಾದರೆ ಕಲ್ಲಿಗೆ ಬಡಿದು ಮೊದಲ ದಿನವೇ ಮುಗಿಯುತ್ತದೆ. ಈ ಬೋಟು ತಳದ ಬಾಯಿಯಿಂದ ನೀರು ಹೀರಿ ಹಿಂದಕ್ಕೆ ಉಗಿದು ಓಡುತ್ತದೆ. ಮೊಣಕಾಲುದ್ದ ನೀರಿದ್ದರೂ ನಡೆಯುತ್ತದೆ.

ಆದರೆ ಜೊತೆಗೆ ಒಂದು ಪುಸ್ತಕ ಬಿಟ್ಟರೆ ಏನೂ ಬಂದಿಲ್ಲ. ಲಂಗರು ಬೇರೆ, ಹಗ್ಗ ಬೇರೆ, ಲೈಫ್ ಜಾಕೆಟ್ ಬೇರೆ ಕೊಳ್ಳಬೇಕಂತೆ. ಕೆಲವು ಅಳಿಯಂದಿರ ಹಾಗೆ ಬರಿಗೈಯಲ್ಲಿ ಬಂದು ಕೂತಿದೆ. ಮಂಗಳೂರಿನಲ್ಲಿ ವಿಚಾರಿಸಿದರೆ ಎಲ್ಲರೂ ನಿಮ್ಮ ಅಂಗಡಿಯನ್ನೇ ತೋರಿಸಿದರು. ನನ್ನ ಗ್ರಹಚಾರ. ಮಡುವಿನ ಕೊನೆಯಲ್ಲಿ ನೀರು ಬಂಡೆಗಳ ನಡುವೆ ನುಗ್ಗಿ ಅಬ್ಬಿಯಾಗಿ ಬೀಳುತ್ತದೆ. ಹಾಗಾಗಿ ಬೋಟನ್ನು ಹಿಡಿದು ನಿಲ್ಲಿಸುವ ಲಂಗರು ಬೇಕೇ ಬೇಕು. ಕಾಫಿ ಹಣ್ಣು ಸುಲಿಯುವ ಹಳೇ ಪಲ್ಪರಿನ ಎರಕದ ಚಕ್ರವೊಂದು ಗೋಡೌನಿನಲ್ಲಿದೆ, ಅದನ್ನೇ ಕಟ್ಟಿದರೆ ಸಾಕು ಎನ್ನುತ್ತಾನೆ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಮಂಜಯ್ಯ. ಸಾಕೋ ಸಾಲದೋ ತಿಳಿಸಿ. ಫೋನ್ ಮಾಡಬೇಡಿ.

ಎಚ್. ಎಸ್. ದೇವರಾಜ


ಮಲ್ಪೆ
20-1-2003

ಮಾನ್ಯರೇ,

ವ್ಯಾಪಾರದ ಉತ್ತರ ಬರೆಯುತ್ತಿದ್ದೇನೆ.

ಪಲ್ಪರಿನ ಚಕ್ರ ಬೇಡ. ಲಂಗರು ಭಾರದಿಂದ ಹಿಡಿಯುವುದಿಲ್ಲ, ನೆಲವನ್ನು ಕಚ್ಚಿ ಹಿಡಿಯುತ್ತದೆ. ಹರಿಯುವ ನೀರಿನಲ್ಲಿ ಚಕ್ರ ಉರುಳಿಕೊಂಡು ಹೋಗುತ್ತದೆ, ಹಿಂದೆ ಬೋಟು, ಬೋಟಿನಲ್ಲಿ ನೀವು. ನಿಮ್ಮಂಥ ಬೋಟಿಗೆ ಹೊಂದುವ ಲಂಗರು ನಮ್ಮಲ್ಲಿ ಎರಡು ಬಗೆಯವು. ಒಂದಕ್ಕೆ ನೇಗಿಲಿನ ಗುಳದಂಥ ಎರಡು ಅಗಲ ರೆಕ್ಕೆ, ಮರಳಿನಲ್ಲೂ ಕೆಸರಿನಲ್ಲೂ ಹೂತು ಕೂರುತ್ತದೆ. ಇನ್ನೊಂದಕ್ಕೆ ನಾಲ್ಕು ಕೊಕ್ಕೆ, ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ. ಕಲ್ಲಿನ ಸಂದಿಗೆ ಅದು ಸರಿ. ಮಡುವಿನ ತಳ ಮರಳೋ ಕಲ್ಲೋ, ಅದನ್ನು ನೀವು ಹೇಳಬೇಕು. ನಾನು ಸಮುದ್ರದವನು, ನದಿ ನನಗೆ ಗೊತ್ತಿಲ್ಲ.

ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಹಗ್ಗ ಕಟ್ಟಬೇಡಿ. ಅದು ತೇಲುತ್ತದೆ. ಜೆಟ್ ಬೋಟಿನ ಬಾಯಿಗೆ ವಿವೇಚನೆಯಿಲ್ಲ. ಹಗ್ಗ, ಪಾಚಿ, ಸೀರೆಯ ಸೆರಗು, ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ನುಂಗಿದ ಮೇಲೆ ಇಂಜಿನ್ ನಿಲ್ಲುತ್ತದೆ. ಆಗ ಕೈಯಲ್ಲಿ ಉಳಿಯುವುದು ಲಂಗರು ಮಾತ್ರ. ಮುಳುಗುವ ನೈಲಾನ್ ಹಗ್ಗವೇ ಬೇಕು, ಅದರ ತುದಿಗೆ ಒಂದಿಷ್ಟು ಸರಪಳಿ.

ಬರಿಗೈಯಲ್ಲಿ ಬಂದವನನ್ನು ಒಳಗೆ ಕರೆದಿದ್ದರೆ ತಾನೇ ಕೈಯಲ್ಲಿ ಏನಿತ್ತೆಂದು ಗೊತ್ತಾಗುವುದು. ಇದೂ ವ್ಯಾಪಾರದ ಮಾತೇ.

ಜಯಕರ ಕುಂದರ್


ಹೊನ್ನೆಗದ್ದೆ
2-2-2003

ಮಾನ್ಯರೇ,

ತಳ ಮರಳು. ನಮ್ಮ ಕಣ ಕಟ್ಟಿದ್ದೇ ಆ ಮಡುವಿನ ಮರಳಿನಿಂದ. ನೇಗಿಲಿನಂಥದ್ದನ್ನೇ ಕಳಿಸಿ.

ಲೈಫ್ ಜಾಕೆಟ್ ದೊಡ್ಡವರ ಅಳತೆಯವು ಆರು, ಮಕ್ಕಳ ಅಳತೆಯವು ಎರಡು. ಎರಡು ಹುಟ್ಟು, ಬೆಂಕಿ ಆರಿಸುವ ಡಬ್ಬಿ, ದಡದ ಕಲ್ಲಿಗೆ ಬೋಟು ಉಜ್ಜದ ಹಾಗೆ ಪಕ್ಕಕ್ಕೆ ಕಟ್ಟುವ ರಬ್ಬರ್ ದಿಂಬು ಇರುತ್ತದಂತೆ, ಅವೂ ಬೇಕು. ಬಣ್ಣ ಯಾವುದಾದರೂ ಆದೀತು. ಕಿತ್ತಳೆ ಬೇಡ, ನಮ್ಮ ಪಕ್ಕದ ತೋಟದವನ ಜೀಪು ಕಿತ್ತಳೆ.

ನನ್ನ ಹೆಂಡತಿ ಕೃಷ್ಣಮ್ಮ ನಿಮ್ಮ ಪತ್ರವನ್ನು ಎರಡು ಸಲ ಓದಿ, "ಅಕ್ಷರ ಚೆನ್ನಾಗಿದೆ ಕಣ್ರೀ" ಎಂದಳು. ಅಕ್ಷರ ನೋಡಿ ಹೆಣ್ಣು ಕೊಡುವುದಾಗಿದ್ದರೆ ಮಂಜಯ್ಯನಿಗೆ ನಾಲ್ಕು ಮದುವೆಯಾಗಬೇಕಿತ್ತು ಎಂದೆ. ಅವಳು ನಗಲಿಲ್ಲ. ಇದನ್ನೆಲ್ಲ ನಿಮಗೇಕೆ ಬರೆಯುತ್ತಿದ್ದೇನೋ ನನಗೆ ಗೊತ್ತಿಲ್ಲ.

ದೇವರಾಜ


ಮಲ್ಪೆ
11-2-2003

ಮಾನ್ಯರೇ,

ಸಾಮಾನು ಇಂದು ಕಳಸದ ಬಸ್ಸಿಗೆ ಹಾಕಿಸಿದ್ದೇನೆ. ಜಾಕೆಟ್ ಕಿತ್ತಳೆಯವೇ. ನೀರಿಗೆ ಬಿದ್ದವನು ದೂರಕ್ಕೆ ಕಾಣಬೇಕಾದರೆ ಆ ಬಣ್ಣವೇ ಆಗಬೇಕು. ಪಕ್ಕದ ತೋಟದವರಿಗೆ ಜೀಪಿನ ಬಣ್ಣ ಬದಲಿಸಲು ಹೇಳಿ.

ಲಂಗರಿನ ಹಗ್ಗವನ್ನು ಬೋಟಿನ ಮೂತಿಗೆ ಕಟ್ಟಿ, ಹಿಂದಕ್ಕೆ ಯಾವತ್ತೂ ಕಟ್ಟಬೇಡಿ. ಹಿಂದೆ ಕಟ್ಟಿದರೆ ಹರಿವಿನ ನೀರು ಇಂಜಿನ್ ಕಡೆಯಿಂದ ಒಳಗೆ ನುಗ್ಗುತ್ತದೆ. ನೀರು ಎಷ್ಟು ಆಳವೋ ಅದರ ಐದಾರು ಪಟ್ಟು ಹಗ್ಗ ಬಿಡಬೇಕು. ಹಗ್ಗ ನೆಟ್ಟಗೆ ನಿಂತರೆ ಲಂಗರು ಏಳುತ್ತದೆ, ಓರೆಯಾಗಿ ಬಿದ್ದರೆ ಕಚ್ಚುತ್ತದೆ. ಇನ್ನೊಂದು ಮಾತು. ಕೆಲಸ ಮುಗಿಯಿತೆಂದು ಲಂಗರನ್ನು ಇಳಿಸಿ ಗೋಡೌನಿನಲ್ಲಿಡುವ ಅಭ್ಯಾಸ ಬೇಡ. ಅದು ಬೋಟಿನಲ್ಲೇ ಇರಲಿ.

ಪೆಟ್ಟಿಗೆ ಕಟ್ಟುವಾಗ ಅಂಗಡಿಯಲ್ಲಿದ್ದ ಒಬ್ಬರು ನಿಮ್ಮ ವಿಳಾಸವನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಬರೆದರು. ಅಕ್ಷರ ಯಾರದೆಂದು ನಿಮಗೆ ಗೊತ್ತಾಗಬಹುದು. ನಾನು ಹೆಸರು ಬರೆದಿಲ್ಲ.

ಜಯಕರ


ಹೊನ್ನೆಗದ್ದೆ
23-3-2003

ಶ್ರೀ ಜಯಕರ ಅವರಿಗೆ,

ನಿಮ್ಮ ಲಂಗರು ಹಿಡಿಯಲಿಲ್ಲ. ಮಡುವಿನ ನಡುವೆ ಇಂಜಿನ್ ಆರಿಸಿ ಲಂಗರು ಬಿಟ್ಟು, ಪ್ರವಾಸಿಗರಿಗೆ ಇಲ್ಲಿ ಕಾಫಿ ಕೊಡಬಹುದು ಎಂದು ಮಂಜಯ್ಯನಿಗೆ ವಿವರಿಸುತ್ತಿದ್ದೆ. ದಡದ ಮರಗಳು ಮೆಲ್ಲಗೆ ಹಿಂದೆ ಸರಿಯುತ್ತಿದ್ದವು. "ಒಡೇರೆ, ನಾವು ಹೋಗ್ತಾ ಇದೀವಿ" ಎಂದ ಮಂಜಯ್ಯ. ಅಬ್ಬಿಯ ಸದ್ದು ಕಿವಿಗೆ ಬಿದ್ದ ಮೇಲೆ ನನಗೂ ಗೊತ್ತಾಯಿತು. ಪುಣ್ಯಕ್ಕೆ ಇಂಜಿನ್ ಮೊದಲ ಸಲಕ್ಕೇ ಹತ್ತಿತು. ಮಂಜಯ್ಯ ಧರ್ಮಸ್ಥಳಕ್ಕೆ ಮುಡಿ ಹರಕೆ ಹೊತ್ತಿದ್ದಾನೆ. ಅವನ ತಲೆಯಲ್ಲಿ ಕೊಡಲು ಕೂದಲಿಲ್ಲ, ಅದು ಬೇರೆ ಮಾತು.

ನಿಮ್ಮನ್ನು ಬಯ್ಯಬೇಕೆಂದು ಕೂತೆ. ಆದರೆ ಮಾರನೇ ದಿನ ಉದ್ದದ ಬಿದಿರು ಹಿಡಿದು ತಳ ಚುಚ್ಚಿ ನೋಡಿದರೆ ಮರಳಿರುವುದು ದಡದ ಬಳಿ ಮಾತ್ರ. ನಾವು ಗಾಡಿ ಇಳಿಸಿ ತುಂಬಿಕೊಳ್ಳುವುದು ಅಲ್ಲೇ. ನಡುವೆ ಪೂರಾ ಗುಂಡುಗಲ್ಲು. ಹುಟ್ಟಿದಾಗಿನಿಂದ ನೋಡಿದ ಹೊಳೆ, ಅದರ ಹೊಟ್ಟೆಯಲ್ಲೇನಿದೆ ಎಂದು ಗೊತ್ತಿರಲಿಲ್ಲ. ನಾಲ್ಕು ಕೊಕ್ಕೆಯದನ್ನು ಕಳಿಸಿ.

ಪೆಟ್ಟಿಗೆಯ ಮೇಲಿನ ವಿಳಾಸವನ್ನು ಕೃಷ್ಣಮ್ಮ ಕತ್ತರಿಸಿ ದೇವರ ಕೋಣೆಯಲ್ಲಿಟ್ಟಿದ್ದಾಳೆ. ನಾನು ನೋಡಿಲ್ಲ ಎಂದುಕೊಂಡಿದ್ದಾಳೆ.

ದೇವರಾಜ


ಮಲ್ಪೆ
1-4-2003

ಮಾನ್ಯರಾದ ದೇವರಾಜ ಅವರಿಗೆ,

ನಿಮ್ಮ ಪತ್ರ ಓದಿ ಹೆದರಿದೆ. ಆಮೇಲೆ ಮಂಜಯ್ಯನವರ ಹರಕೆ ನೆನೆದು ನಗು ಬಂತು. ಇಲ್ಲಿ ಇನ್ನೊಬ್ಬರು ಮಾತ್ರ ನಗಲೇ ಇಲ್ಲ. ಇಡೀ ದಿನ ನನ್ನ ಮೇಲೆ ಸಿಟ್ಟು, ತಳ ಎಂಥದು ಎಂದು ಇನ್ನೊಂದು ಸಲ ಯಾಕೆ ಕೇಳಲಿಲ್ಲ ಅಂತ. ಅದು ನ್ಯಾಯವೇ. ನಾನು ಕೇಳಬೇಕಿತ್ತು.

ಕೊಕ್ಕೆಯ ಲಂಗರು ಕಳಿಸಿದ್ದೇನೆ. ಕಲ್ಲಿನ ಸಂದಿಯಲ್ಲಿ ಅದು ಹಿಡಿಯುವುದೇನೋ ಚೆನ್ನಾಗಿ ಹಿಡಿಯುತ್ತದೆ, ಬಿಡಿಸುವುದೇ ಕಷ್ಟ. ಅದಕ್ಕೆ ಕೊಕ್ಕೆಗಳ ಬುಡದಲ್ಲಿ ಇನ್ನೊಂದು ಸಣ್ಣ ಹಗ್ಗ ಕಟ್ಟಿದ್ದೇನೆ. ಸಿಕ್ಕಿಕೊಂಡರೆ ದೊಡ್ಡ ಹಗ್ಗ ಎಳೆದು ಗುದ್ದಾಡಬೇಡಿ. ಅದನ್ನು ಸಡಿಲ ಬಿಟ್ಟು, ಸಣ್ಣದನ್ನು ಹಿಡಿದು ಹಿಂದಿನಿಂದ ಎಬ್ಬಿಸಿದರೆ ಬಂದುಬಿಡುತ್ತದೆ.

ಪೆಟ್ಟಿಗೆಯಲ್ಲಿ ಒಂದು ಬಾಟಲಿ ಸಿಗಡಿ ಚಟ್ನಿ ಇದೆ. ಅದು ಬೋಟಿನ ಸಾಮಗ್ರಿಯಲ್ಲ.

ಜಯಕರ


ಹೊನ್ನೆಗದ್ದೆ
20-4-2003

ಜಯಕರ ಅವರಿಗೆ,

ಲಂಗರು ಹಿಡಿಯಿತು. ನಡುಮಡುವಿನಲ್ಲಿ ಇಂಜಿನ್ ಆರಿಸಿ ಒಂದು ಚೆಂಬು ಕಾಫಿ ಕುಡಿದು ಮುಗಿಸುವವರೆಗೂ ಬೋಟು ಅಲ್ಲೇ ನಿಂತಿತ್ತು. ಮಂಜಯ್ಯ ಮಾತ್ರ ಬೋಟು ಹತ್ತಲಿಲ್ಲ.

ಚಟ್ನಿಗೆ ಹುಳಿ ಸಾಲದು. ಹಾಗೆಂದು ಬರೆಯಲು ಕೃಷ್ಣಮ್ಮ ಹೇಳಿದಳು. ಬಾಟಲಿ ಖಾಲಿಯಾಗಿದೆ.

ಮಳೆಗಾಲ ಬರುತ್ತಿದೆ. ಬೋಟನ್ನು ಮೇಲೆತ್ತಿ ಕಾಫಿ ಒಣಗಿಸುವ ಕಣದ ಶೆಡ್ಡಿನಲ್ಲಿಡುತ್ತೇವೆ. ಮತ್ತೆ ನೀರಿಗಿಳಿಸುವುದು ದಸರೆಯ ಹೊತ್ತಿಗೆ. ಅಲ್ಲಿಯವರೆಗೆ ಬರೆಯುವುದಕ್ಕೆ ವ್ಯಾಪಾರದ ವಿಷಯ ಏನೂ ಇಲ್ಲ.

ದೇವರಾಜ


ಮಲ್ಪೆ
6-7-2003

ಮಾನ್ಯರಾದ ದೇವರಾಜ ಅವರಿಗೆ,

ಇದು ವ್ಯಾಪಾರದ ಪತ್ರವಲ್ಲ. ನಿಮ್ಮ ಷರತ್ತು ಮುರಿಯುತ್ತಿದ್ದೇನೆ. ಓದದೆ ಹರಿದು ಹಾಕುವುದಾದರೆ ಈಗಲೇ ಹಾಕಿ.

ಮೇಘಶ್ರೀಗೆ ಜನವರಿಯಲ್ಲಿ ಹೆರಿಗೆ. ಚೊಚ್ಚಲು. ನನಗೆ ತಾಯಿಯಿಲ್ಲ, ಅಕ್ಕ ಒಬ್ಬಳಿದ್ದಾಳೆ, ಅವಳಿಗೆ ಅವಳ ಮನೆಯೇ ಸಾಕಷ್ಟು. ನೋಡಿಕೊಳ್ಳುವವರಿಲ್ಲ ಎಂದು ಬರೆಯುತ್ತಿಲ್ಲ. ನಾನು ನೋಡಿಕೊಳ್ಳುತ್ತೇನೆ. ಆದರೆ ಬೀದಿಯ ಹೆಂಗಸರು "ಮೊದಲನೇದಕ್ಕೆ ತಾಯಿಮನೆಗೆ ಹೋಗ್ಲಿಕ್ಕಿಲ್ವಾ?" ಎಂದು ಕೇಳಿದಾಗಲೆಲ್ಲ ಅವಳು "ಘಾಟಿ ರಸ್ತೆ ಸರಿ ಇಲ್ಲ" ಎನ್ನುತ್ತಾಳೆ. ಒಂದು ತಿಂಗಳಿಂದ ಘಾಟಿ ರಸ್ತೆಯನ್ನೇ ಬಯ್ಯುತ್ತಿದ್ದಾಳೆ. ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ.

ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ.

ಜಯಕರ


ಹೊನ್ನೆಗದ್ದೆ
10-9-2003

ಜಯಕರ,

ಉತ್ತರ ಬರೆಯಲು ಎರಡು ತಿಂಗಳು ಹಿಡಿಯಿತು. ಮಳೆಗೆ ಟಪಾಲು ನಿಂತಿತ್ತು ಎಂದು ಬರೆಯಬಹುದಿತ್ತು. ಟಪಾಲು ನಿಂತಿರಲಿಲ್ಲ. ಕೃಷ್ಣಮ್ಮ ಊಟಕ್ಕೆ ಬಡಿಸುತ್ತಾಳೆ, ಮಾತಾಡುವುದಿಲ್ಲ. ಹಳೇ ಪಂಚೆಗಳನ್ನು ಒಗೆದು ಮಡಚಿ ಒಂದು ಕಡೆ ಜೋಡಿಸುತ್ತಿದ್ದಾಳೆ, ಬಾಣಂತನಕ್ಕೆ. ನನ್ನ ಹೊಸ ಪಂಚೆಯೂ ಅದರಲ್ಲಿ ಹೋಗಿದೆ.

ಅಕ್ಟೋಬರ್ ನಾಲ್ಕಕ್ಕೆ ಆಯುಧಪೂಜೆ. ಅವತ್ತು ಬೋಟಿಗೂ ಪೂಜೆ ಮಾಡಿ ಈ ವರ್ಷದ ಕೆಲಸ ಶುರು ಮಾಡುತ್ತೇನೆ. ಬೋಟಿನೊಳಗೆ ಸೇರಿದ ನೀರು ಎತ್ತಲು ಸಣ್ಣ ಪಂಪು ಕೂರಿಸಬೇಕು, ಹಗ್ಗ ಕಟ್ಟುವ ಕೊಂಡಿಗಳು ಸಡಿಲವಾಗಿವೆ. ಇಲ್ಲಿ ಬೋಟಿನ ಕೆಲಸ ಗೊತ್ತಿರುವವರು ಯಾರೂ ಇಲ್ಲ. ನೀವೇ ಬಂದರೆ ಒಳ್ಳೆಯದು. ಮನೆಯವರೂ ಬರಬಹುದು.

ಇಷ್ಟು ಬರೆಯಲು ನಾಲ್ಕು ಹಾಳೆ ಹರಿದಿದ್ದೇನೆ.

ದೇವರಾಜ


ಮಲ್ಪೆ
21-9-2003

ಮಾವನವರಿಗೆ,

ಹೀಗೆ ಕರೆದದ್ದಕ್ಕೆ ಕೋಪವಾದರೆ ಬಂದಾಗ ಬಯ್ಯಿರಿ.

ನಿಮ್ಮ ಪತ್ರವನ್ನು ಅವಳಿಗೆ ತೋರಿಸಿದೆ. ಓದಿ, "ಮನೆಯವರು ಅಂದ್ರೆ ಯಾರು?" ಎಂದಳು. ನೀನೇ ಎಂದೆ. "ಹಾಗಂತ ಎಲ್ಲಿ ಬರ್ದಿದಾರೆ?" ಎಂದಳು. ಮತ್ತೆ ಹೇಳಿದಳು, "ಅಪ್ಪ ಒಂದೇ ಒಂದು ಸಾಲಲ್ಲಿ ಮೇಘಶ್ರೀ ಬಾ ಅಂತ ಬರೀಲಿ. ನಾನು ನಾಳೆಯ ಬಸ್ಸಿಗೇ ಹೊರಡ್ತೀನಿ. ಮನೆಯವರು ಅಂತ ಕರೆದ್ರೆ ಬರೋದಿಲ್ಲ. ನಂಗೆ ಹೆಸರಿದೆ, ಇಟ್ಟವರು ಅವರೇ." ಇಬ್ಬರದೂ ಒಂದೇ ಹಟ. ನಡುವೆ ಸಿಕ್ಕವನು ನಾನು.

ನಾನು ಒಬ್ಬನೇ ಮೂರಕ್ಕೆ ಬರುತ್ತೇನೆ. ಪಂಪು, ಕೊಂಡಿ ತರುತ್ತೇನೆ. ಎದುರು ಕೂತು ಮಾತಾಡಿದರೆ ನೀವು ಅವಳ ಹೆಸರು ಹೇಳುತ್ತೀರಿ ಎಂದು ನನಗೆ ಅನಿಸುತ್ತದೆ. ಹಾಗೆಂದು ಅವಳಿಗೂ ಹೇಳಿದ್ದೇನೆ. ಅವಳು ನಂಬಿಲ್ಲ. ಆದರೆ ಚಟ್ನಿ ಮಾಡುತ್ತಿದ್ದಾಳೆ, ಈ ಸಲ ಹುಳಿ ಜಾಸ್ತಿ.

ಜಯಕರ


ಮಲ್ಪೆ
2-11-2003

ಅಪ್ಪನಿಗೆ,

ಅವರ ಉತ್ತರಕ್ರಿಯೆಯ ದಿನ ನೀವು ಬಂದು ಅಂಗಳದಲ್ಲೇ ನಿಂತಿದ್ದು ಹೋದಿರಿ. ಅಮ್ಮ ಒಳಗೆ ಬಂದು ನನ್ನನ್ನು ಹಿಡಿದುಕೊಂಡು ಅತ್ತಳು, ಹೇಗಾಯಿತೆಂದು ಹೇಳಲಿಲ್ಲ. ಪೊಲೀಸರು ಬರೆದದ್ದನ್ನು ಅವರ ಅಕ್ಕನ ಗಂಡ ಓದಿ ಹೇಳಿದರು. ಇಂಜಿನ್ ನಿಂತು ಬೋಟು ಅಬ್ಬಿಗೆ ಹೋಯಿತು ಎಂದಿದೆ. ಅಷ್ಟೇ.

ಅವರು ಹನ್ನೊಂದನೇ ವಯಸ್ಸಿಗೆ ಅಪ್ಪನ ಜೊತೆ ಸಮುದ್ರಕ್ಕೆ ಹೋದವರು. ಇಂಜಿನ್ ನಿಂತರೆ ಮೊದಲು ಏನು ಮಾಡಬೇಕೆಂದು ಅಂಗಡಿಗೆ ಬಂದ ಎಲ್ಲರಿಗೂ ಹೇಳಿಕೊಡುತ್ತಿದ್ದರು. ಲಂಗರಿಲ್ಲದೆ ದೋಣಿ ಹತ್ತುವವರಲ್ಲ, ಜಾಕೆಟ್ ಇಲ್ಲದೆ ಮೊದಲೇ ಅಲ್ಲ. ಸಿಕ್ಕಿದಾಗ ಮೈಮೇಲೆ ಜಾಕೆಟ್ ಇರಲಿಲ್ಲವಂತೆ. ಬೋಟಿನ ಮೂತಿಯಲ್ಲಿ ಹಗ್ಗವೂ ಇರಲಿಲ್ಲವಂತೆ.

ನಾಲ್ಕು ವರ್ಷ ನಾನು ನಿಮ್ಮನ್ನು ಏನೂ ಕೇಳಲಿಲ್ಲ. ಇದೊಂದನ್ನು ಕೇಳುತ್ತೇನೆ. ಲಂಗರು ಎಲ್ಲಿತ್ತು? ಮಂಜಯ್ಯನಿಂದ ಬರೆಸಬೇಡಿ, ಅಮ್ಮನಿಂದ ಹೇಳಿಸಬೇಡಿ. ನಿಮ್ಮ ಕೈಯಲ್ಲೇ ಬರೆಯಿರಿ.

ಮೇಘಶ್ರೀ


ಹೊನ್ನೆಗದ್ದೆ
12-11-2003

ಮೇಘಶ್ರೀ,

ಲಂಗರು ಪೂಜೆಯಲ್ಲಿತ್ತು.

ಅವನು ಪೂಜೆಯ ಹಿಂದಿನ ದಿನ ಮಧ್ಯಾಹ್ನ ಬಂದ. ಚಟ್ನಿ ಬಾಟಲಿಯನ್ನು ನನ್ನ ಕೈಗೇ ಕೊಟ್ಟ. ನಿನ್ನ ಅಮ್ಮ ಕಡುಬು, ಕೋಳಿಸಾರು ಮಾಡಿದ್ದಳು. ಕತ್ತಲಾಗುವವರೆಗೂ ಬೋಟಿನಲ್ಲಿ ಮಂಡಿಯೂರಿ ಕೂತು ಪಂಪು ಕೂರಿಸಿದ, ಕೊಂಡಿ ಬಿಗಿ ಮಾಡಿದ. ನಾನು ಪಕ್ಕದಲ್ಲಿ ಕೂತು ಸ್ಪ್ಯಾನರ್ ಎತ್ತಿ ಕೊಟ್ಟೆ. ಇಷ್ಟು ವರ್ಷ ಇವನನ್ನು ಯಾಕೆ ಹೊರಗೆ ನಿಲ್ಲಿಸಿದೆ ಎಂದು ನನಗೇ ಅರ್ಥವಾಗಲಿಲ್ಲ.

ನವಮಿಯ ದಿನ ನಮ್ಮಲ್ಲಿ ಹೇಗೆಂದು ನಿನಗೆ ಗೊತ್ತು. ಕತ್ತಿ, ಗುದ್ದಲಿ, ಗರಗಸ, ಔಷಧಿ ಹೊಡೆಯುವ ಪಂಪು, ಎಲ್ಲವನ್ನೂ ತೊಳೆದು ಹಜಾರದಲ್ಲಿ ದೇವಿಯ ಮುಂದಿಡುತ್ತೇವೆ. ಇಟ್ಟ ಮೇಲೆ ದಶಮಿಯ ಬೆಳಿಗ್ಗೆ ಮರುಪೂಜೆ ಆಗುವವರೆಗೆ ಎತ್ತುವಂತಿಲ್ಲ. ಜೀಪು ವಾಹನ, ಅದಕ್ಕೆ ನಿಂತಲ್ಲೇ ಪೂಜೆ, ಆಮೇಲೆ ಓಡಿಸಬಹುದು. ಬೋಟೂ ಹಾಗೆಯೇ ಎಂದಾಯಿತು. ಲಂಗರನ್ನು ಏನು ಮಾಡುವುದು ಎಂದು ಮಂಜಯ್ಯ ಕೇಳಿದ. ಅದು ವಾಹನವಲ್ಲ, ಆಯುಧ, ಹಜಾರಕ್ಕೆ ತನ್ನಿ ಎಂದೆ. ಹುಟ್ಟು, ಜಾಕೆಟ್, ಹಗ್ಗ, ಎಲ್ಲಾ ಹೊಸ ಸಾಮಾನು, ಎಲ್ಲಕ್ಕೂ ಕುಂಕುಮ ಬೀಳಲಿ ಎಂದೆ. "ನಮ್ಮಲ್ಲಿ ಲಂಗರನ್ನ ದೋಣಿಯಿಂದ ಇಳಿಸೋದಿಲ್ಲ ಮಾವ, ಅಲ್ಲೇ ಕುಂಕುಮ ಹಾಕೋದು" ಎಂದ ಅವನು. "ಇದು ಮಲ್ಪೆ ಅಲ್ಲ ಮಾರಾಯ" ಎಂದೆ. ನಕ್ಕು, ತಾನೇ ಹೆಗಲ ಮೇಲೆ ಹೊತ್ತು ತಂದಿಟ್ಟ.

ಬೋಟಿಗೆ ಪೂಜೆಯಾಯಿತು. ಸುತ್ತಲೂ ಚೆಂಡುಹೂವಿನ ಮಾಲೆ ಕಟ್ಟಿಸಿದ್ದೆ. ಆಳುಗಳು ಊಟಕ್ಕೆ ಮೇಲೆ ಹೋದರು. ನಾನೂ ಅವನೂ ದಡದಲ್ಲಿ ಉಳಿದೆವು. ಆಗ ನಾನೇ ಹೇಳಿದೆ, "ಮುಂದಿನ ವಾರ ಜೀಪು ಕಳಿಸ್ತೀನಿ. ಮೇಘಿನ ಕರ್ಕೊಂಡು ಬಾ." ಅವನು ತಿರುಗಿ, "ಇನ್ನೊಮ್ಮೆ ಹೇಳಿ ಮಾವ" ಎಂದ. "ಮೇಘಶ್ರೀನ ಕರ್ಕೊಂಡು ಬಾ ಅಂದೆ, ಕಿವಿ ಕೇಳಲ್ವಾ" ಎಂದೆ. ನಗುತ್ತಾ, "ಸಂಜೆ ಫೋನ್ ಮಾಡಿ ಹೇಳ್ತೇನೆ. ನೀವು ಪಕ್ಕದಲ್ಲೇ ಇರಬೇಕು, ಇಲ್ಲದಿದ್ರೆ ಅವಳು ನಂಬ್ಲಿಕ್ಕಿಲ್ಲ" ಎಂದ.

ಮಧ್ಯಾಹ್ನದ ಮೇಲೆ ಕುದುರೆಮುಖದ ಕಡೆ ಗುಡುಗಿತು. ಇಲ್ಲಿ ಹನಿ ಬೀಳಲಿಲ್ಲ, ಆದರೆ ನೀರು ಕೆಂಪಗಾಗಿ ಏರತೊಡಗಿತು. ದಡದ ಕಲ್ಲಿಗೆ ಬೋಟು ಬಡಿಯುತ್ತಿತ್ತು. ಅದನ್ನು ಮಡುವಿನ ಮೇಲಿನ ತುದಿಗೆ, ಸೆಳೆತ ಕಡಿಮೆಯಿರುವ ಹಳ್ಳದ ಬಾಯಿಗೆ ಒಯ್ದು ನಿಲ್ಲಿಸಬೇಕು ಎಂದ. ಹಜಾರಕ್ಕೆ ಬಂದು ಲಂಗರಿಗೆ ಕೈ ಹಾಕಿದ. "ಪೂಜೆಗಿಟ್ಟದ್ದನ್ನ ನಾಳೆವರೆಗೆ ಮುಟ್ಟೋದು ಬೇಡ" ಎಂದೆ. ಜಾಕೆಟ್ ಆದರೂ ಎಂದು ನೋಡಿದ. ನಾನು ಸುಮ್ಮನಿದ್ದೆ. ಬೇರೆ ಯಾರ ಮನೆಯಾಗಿದ್ದರೂ ಅವನು ಎತ್ತಿಕೊಂಡು ಹೋಗುತ್ತಿದ್ದ. ಇದು ಮಾವನ ಮನೆ, ಮೊದಲನೇ ಸಲ ಒಳಗೆ ಬಂದದ್ದು. "ಆಯ್ತು ಮಾವ, ಐದು ನಿಮಿಷದ ಕೆಲಸ" ಎಂದು ಬರಿಗೈಯಲ್ಲಿ ಇಳಿದು ಹೋದ.

ನಡುಮಡುವಿಗೆ ಹೋದಾಗ ಮಾಲೆ ಕಳಚಿ ನೀರಿಗೆ ಬಿತ್ತು. ಬಾಳೆನಾರು ಬಿಟ್ಟು ನೈಲಾನ್ ದಾರದಲ್ಲಿ ಕಟ್ಟಿಸಿದ್ದೆ, ಗಟ್ಟಿಯಿರಲಿ ಎಂದು. ಬೋಟು ಅದನ್ನು ನುಂಗಿತು. ಇಂಜಿನ್ ನಿಂತಿತು. ಅವನು ಹಿಂದಕ್ಕೆ ಬಗ್ಗಿ ಕೈ ಹಾಕಿ ಎಳೆಯುತ್ತಿದ್ದ. ಬೋಟು ಹೊರಟುಬಿಟ್ಟಿತ್ತು. ಮುಟ್ಟಬೇಡ ಎಂದ ನಾನೇ ಹಜಾರಕ್ಕೆ ಓಡಿ ಲಂಗರನ್ನು ಎತ್ತಿ ತಂದೆ. ಎಡವಿ ಬಿದ್ದು ಎದ್ದು ದಡಕ್ಕೆ ಬರುವಷ್ಟರಲ್ಲಿ ಮಡುವಿನಲ್ಲಿ ಬೋಟು ಇರಲಿಲ್ಲ. ಲಂಗರನ್ನು ಎದೆಗೆ ಒತ್ತಿ ಹಿಡಿದುಕೊಂಡು ದಡದಲ್ಲಿ ಒಬ್ಬನೇ ನಿಂತಿದ್ದೆ.

ಈ ಕೈಯಿಂದ ಒಂದು ಸಾಲು ಬರೆದಿದ್ದರೆ ನೀನು ಅವನ ಜೊತೆ ಬರುತ್ತಿದ್ದೆ. ನೀನು ಬಂದಿದ್ದರೆ ಅವನನ್ನು ಹಾಗೆ ಕಳಿಸುತ್ತಿರಲಿಲ್ಲ, ಪೂಜೆಯೂ ಬೇಡ ಅಪ್ಪನೂ ಬೇಡ ಎಂದು ನೀನೇ ಲಂಗರು ಎತ್ತಿ ಕೊಡುತ್ತಿದ್ದೆ. ಇದನ್ನು ಯೋಚಿಸದೆ ನನಗೆ ಒಂದು ಗಳಿಗೆ ಕಳೆಯುವುದಿಲ್ಲ. ಬದುಕಿರುವುದಕ್ಕೆ ನಾಚಿಕೆಯಾಗುತ್ತದೆ.

ಮೇಘಶ್ರೀ, ಮನೆಗೆ ಬಾ. ಜೀಪು ಕಳಿಸುತ್ತಿದ್ದೇನೆ.

ಅಪ್ಪ


ಮಲ್ಪೆ
15-2-2004

ಅಪ್ಪನಿಗೆ,

ಜೀಪನ್ನು ಹಿಂದಕ್ಕೆ ಕಳಿಸಿದ್ದು ಸಿಟ್ಟಿನಿಂದಲ್ಲ. ಆ ಹೊಳೆಯ ಸದ್ದು ಕೇಳುವ ಮನೆಯಲ್ಲಿ ನನಗೆ ಮಲಗಲಾಗುವುದಿಲ್ಲ.

ಮಗು ಹುಟ್ಟಿದೆ. ಗಂಡು. ಉಡುಪಿಯ ಆಸ್ಪತ್ರೆಯಲ್ಲಿ, ಅವರ ಅಕ್ಕ ಜೊತೆಗಿದ್ದರು. ಅಮ್ಮ ಬರುವುದಾದರೆ ಬರಲಿ. ಪಂಚೆಗಳನ್ನು ತರಲಿ, ಇಲ್ಲಿ ಸಾಲುತ್ತಿಲ್ಲ. ಅಂಗಡಿಯನ್ನು ನಾನೇ ತೆರೆಯುತ್ತಿದ್ದೇನೆ. ಲಂಗರು ಕೊಳ್ಳಲು ಬಂದವರಿಗೆ ನಿಮ್ಮಲ್ಲಿ ತಳ ಮರಳೋ ಕಲ್ಲೋ ಎಂದು ಎರಡೆರಡು ಸಲ ಕೇಳುತ್ತೇನೆ. ಕೆಲವರು ಸಿಟ್ಟಾಗುತ್ತಾರೆ.

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ ತಿಳಿಯದು. ಲಂಗರಿನ ಮಾತನ್ನು ನಾನು ನಂಬಿದ್ದೇನೆ. ನಮ್ಮ ಮನೆಯಲ್ಲಿ ಹಾಗೆಯೇ ನಡೆಯುತ್ತದೆ, ಆ ಹಜಾರದಲ್ಲಿ ನಾನೂ ಬೆಳೆದವಳು. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ತಿಂಗಳು ಕಾದೆ. ಆ ಮಾತು ಬರುತ್ತಿಲ್ಲ. ಮುಂದೆಯೂ ಬರುತ್ತದೆಂದು ತೋರುವುದಿಲ್ಲ.

ದಡದಲ್ಲಿ ನಿಂತು ನೀವು ನನ್ನ ಹೆಸರು ಹೇಳಿದಿರಿ ಎಂದು ಬರೆದಿದ್ದೀರಿ. ಅದನ್ನು ಕೇಳಿದವರು ಅವರೊಬ್ಬರೇ. ಸಂಜೆ ಫೋನ್ ಮಾಡುತ್ತೇನೆ ಎಂದು ಹೋದವರು. ನಾನು ಫೋನಿನ ಪಕ್ಕದಲ್ಲೇ ಕೂತಿದ್ದೆ. ನೀವು ಸುಳ್ಳು ಹೇಳುವವರಲ್ಲ, ಅದು ನನಗೆ ಗೊತ್ತು. ಆದರೆ ಮಗಳಿಗೆ ಇಷ್ಟಾದರೂ ಸಮಾಧಾನವಿರಲಿ ಎಂದು ಬರೆದಿರಲೂಬಹುದು. ಕೇಳಿ ತಿಳಿದುಕೊಳ್ಳೋಣವೆಂದರೆ ಯಾರೂ ಇಲ್ಲ.

ನೀವು ನಿಜವಾಗಿ ಕರೆದಿದ್ದಿರಿ ಎಂದುಕೊಂಡ ದಿನ, ಹೆಸರಿಗಾಗಿ ಹಟ ಹಿಡಿದು ಅವರನ್ನು ಒಬ್ಬರನ್ನೇ ಕಳಿಸಿದೆನಲ್ಲ ಎಂದು ನನಗೆ ಅನ್ನ ಇಳಿಯುವುದಿಲ್ಲ, ಮಗುವಿಗೆ ಹಾಲಿರುವುದಿಲ್ಲ. ಕರೆದೇ ಇರಲಿಲ್ಲ ಎಂದುಕೊಂಡ ದಿನ ಹೇಗೋ ಉಂಡು ಮಲಗುತ್ತೇನೆ. ಅದಕ್ಕೆ, ನೀವು ಕರೆದಿರಲಿಲ್ಲ ಎಂದೇ ಇಟ್ಟುಕೊಂಡಿದ್ದೇನೆ. ಹೌದು ಕರೆದಿದ್ದೆ ಎಂದು ಇನ್ನೊಮ್ಮೆ ಬರೆಯಬೇಡಿ.

ಮೇಘಶ್ರೀ